ಹಲ್ಲೆ ಎಂಬ ಮಾತು, ಗೌರವ್ವನ ಕೈ

ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿಯಲ್ಲಿ ನಾನು ನಮ್ಮ ಭಾಗದ ಒಂದು ಸೆಷನ್ಸ್ ನ್ಯಾಯಾಲಯದಲ್ಲಿ ಭಾಷಾಂತರಕಾರನಾಗಿದ್ದೆ. ನಿವೃತ್ತಿಯ ಕಾಲ ಸಮೀಪಿಸಿತ್ತು. ಬೈಲಹೊಂಗಲದ ಮನೆಯಲ್ಲಿ ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಸ್ಸು ಹಿಡಿದು ಕಚೇರಿಗೆ ಹೋಗುವುದು ನನ್ನ ರೂಢಿಯಾಗಿತ್ತು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಧಾತುಗಳನ್ನು ಬಾಯಿಪಾಠ ಮಾಡಿದವನು ನಾನು. ಇಂಗ್ಲಿಷನ್ನು ಧಾರವಾಡದಲ್ಲಿ, ದೊಡ್ಡವನಾದ ಮೇಲೆ ಕಲಿತೆ. ಆ ಕಾರಣಕ್ಕೋ ಏನೋ, ಒಂದು ಕ್ರಿಯಾಪದ ಎದುರು ಬಂದರೆ ಅದರ ಬೇರು ಯಾವುದೆಂದು ನೋಡದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಕಚೇರಿಯವರು ನನ್ನನ್ನು ‘ಪಂಡಿತ್ರು’ ಎಂದೇ ಕರೆಯುತ್ತಿದ್ದರು. ಆ ಕರೆಯಲ್ಲಿ ಗೌರವ ಎಷ್ಟಿತ್ತೋ ಬೇಸರವೂ ಅಷ್ಟೇ ಇತ್ತು.

ಭಾಷಾಂತರಕಾರನ ಕೆಲಸ ಏನೆಂಬುದನ್ನು ಓದುಗರಿಗೆ ಹೇಳಬೇಕು. ದೂರು, ಪೊಲೀಸರ ಮುಂದಿನ ಹೇಳಿಕೆ, ಪಂಚನಾಮೆ, ಸಾಕ್ಷಿಗಳ ಮಾತು, ಇವೆಲ್ಲ ಕನ್ನಡದಲ್ಲಿರುತ್ತವೆ. ಪ್ರಕರಣ ಮೇಲಿನ ನ್ಯಾಯಾಲಯಕ್ಕೆ ಹೋಗುವಾಗ ಇವು ಇಂಗ್ಲಿಷಿಗೆ ಬರಬೇಕು. ಕೆಲವೊಮ್ಮೆ ವಿಚಾರಣೆಯ ಹೊತ್ತಿನಲ್ಲಿಯೇ, ನ್ಯಾಯಾಧೀಶರು ನಮ್ಮ ಕಡೆಯ ಮಾತಿಗೆ ಹೊಸಬರಾಗಿದ್ದರೆ, ಸ್ಟೆನೋಗ್ರಾಫರರ ಪಕ್ಕದಲ್ಲಿ ನಮಗೊಂದು ಕುರ್ಚಿ ಹಾಕುತ್ತಾರೆ.

ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಬರೆದ ಇಂಗ್ಲಿಷ್ ಕ್ರಿಯಾಪದವೆಂದರೆ ‘ಅಸಾಲ್ಟ್’. ಪೊಲೀಸ್ ಠಾಣೆಯ ಬರವಣಿಗೆಯಲ್ಲಿ ‘ಹಲ್ಲೆ’ ಎಂಬ ಒಂದು ಮಾತಿದೆ. ಕಪಾಳಕ್ಕೆ ಹೊಡೆದರೂ ಹಲ್ಲೆ, ಕುಡುಗೋಲು ಬೀಸಿದರೂ ಹಲ್ಲೆ, ಸೀರೆಯ ಸೆರಗು ಜಗ್ಗಿದರೂ ಹಲ್ಲೆ. ಠಾಣೆಯಲ್ಲಿ ಬರೆಯುವವರಿಗೆ ಅವಸರ. ನಡೆದದ್ದನ್ನು ಕೇಳಿಕೊಂಡು ಅದಕ್ಕೊಂದು ಹೆಸರಿಟ್ಟು ಮುಗಿಸುತ್ತಾರೆ. ಭಾಷಾಂತರಕಾರನಿಗೂ ಅವಸರ, ಹಲ್ಲೆ ಕಂಡಲ್ಲೆಲ್ಲ ಅಸಾಲ್ಟ್ ಎಂದು ಹಾಕುತ್ತಾನೆ. ಆದರೆ ಇಂಗ್ಲಿಷಿನಲ್ಲಿ ಆ ಬಗೆಯ ಕ್ರಿಯಾಪದಗಳು ಹಲವಿವೆ, ಒಂದೊಂದರ ನಡಿಗೆಯೂ ಬೇರೆ. ‘ಅಟ್ಯಾಕ್’ ಸೈನ್ಯಕ್ಕೂ ಸಲ್ಲುತ್ತದೆ, ರೋಗಕ್ಕೂ ಸಲ್ಲುತ್ತದೆ, ಪತ್ರಿಕೆಯಲ್ಲಿ ಬರೆದ ಟೀಕೆಗೂ ಸಲ್ಲುತ್ತದೆ. ‘ಅಸೇಲ್’ ಎಂಬುದು ಇನ್ನೂ ಹಳೆಯ ಗತ್ತಿನದು. ಸಂಶಯಗಳು, ದುಃಸ್ವಪ್ನಗಳು ಕೂಡ ಮನುಷ್ಯನನ್ನು ಅಸೇಲ್ ಮಾಡಬಲ್ಲವು. ಅಸೇಲ್ ಮತ್ತು ಅಸಾಲ್ಟ್ ಎರಡೂ ಮೂಲದಲ್ಲಿ ‘ಮೇಲೆ ನೆಗೆಯುವುದು’ ಎಂಬ ಲ್ಯಾಟಿನ್ ಧಾತುವಿನಿಂದ ಬಂದವು. ನಮ್ಮ ‘ಆಕ್ರಮಣ’ದಲ್ಲಿ ಇರುವುದು ಹೆಜ್ಜೆಯಿಡುವ ಧಾತು. ನೆಗೆತವಿರಲಿ, ಹೆಜ್ಜೆಯಿರಲಿ, ಒಬ್ಬನು ತನ್ನ ಜಾಗ ಬಿಟ್ಟು ಇನ್ನೊಬ್ಬನ ಕಡೆಗೆ ಹೋಗಬೇಕು. ದಂಡಸಂಹಿತೆಯಲ್ಲಿ ಮಾತ್ರ ಅಸಾಲ್ಟಿಗೆ ಬೇರೆಯೇ ವ್ಯಾಖ್ಯೆ. ಮೈ ಮುಟ್ಟಬೇಕೆಂದಿಲ್ಲ, ಈಗಲೇ ಹೊಡೆಯುತ್ತಾನೆ ಎಂಬ ಭಯ ಹುಟ್ಟುವಂತೆ ಮುಷ್ಟಿ ಬೀಸಿದರೂ ಸಾಕು. ಬರಿಯ ಮಾತು ಸಾಲದು, ಸನ್ನೆ ಬೇಕು.

ಇಷ್ಟನ್ನು ಹೇಳಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ಆ ವರ್ಷ ಒಂದು ಕೊಲೆ ಪ್ರಕರಣದಲ್ಲಿ ಒಬ್ಬ ಮನುಷ್ಯನ ಉಳಿದ ಆಯುಷ್ಯವೆಲ್ಲ ಇದೇ ಕ್ರಿಯಾಪದದ ಮೇಲೆ ಬಂದು ಕುಳಿತಿತ್ತು.

ಸವದತ್ತಿ ತಾಲೂಕಿನ ಒಂದು ಎರೆಮಣ್ಣಿನ ಹಳ್ಳಿ. ಊರಿನ ಹೆಸರು ಬೇಡ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಗೌರವ್ವ ಎಂಬ ಮುದುಕಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ತೀರಿಕೊಂಡಿದ್ದ. ಅವನ ಹೆಂಡತಿ ನೀಲವ್ವ ತನ್ನ ಪಾಲಿನ ಹೊಲವನ್ನು ತಾನೇ ಮಾಡಿಸಿಕೊಂಡು ಬಾಳುತ್ತಿದ್ದಳು. ಕಿರಿಯವನು ಈರಪ್ಪ. ಅಣ್ಣ ಸತ್ತ ಮೇಲೆ ಅತ್ತಿಗೆಗೆ ಪಾಲು ಏಕೆ ಎಂಬುದು ಅವನ ವಾದ. ಬಿತ್ತನೆಯ ಕಾಲದಲ್ಲಿ ಇಬ್ಬರ ಹೊಲದ ನಡುವಿನ ಒಡ್ಡನ್ನು ಸಲಿಕೆಯಿಂದ ಕಡಿದು ಸಮ ಮಾಡತೊಡಗಿದ. ನೀಲವ್ವ ಓಡಿ ಬಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸಲಿಕೆಯ ಏಟು ಅವಳ ತಲೆಯ ಎಡಬದಿಗೆ ಬಿದ್ದು ಅಲ್ಲಿಯೇ ಪ್ರಾಣ ಹೋಯಿತು. ನೋಡಿದವರು ಒಬ್ಬರೇ, ಮಗನಿಗೆ ಬುತ್ತಿ ತಂದಿದ್ದ ಗೌರವ್ವ.

ಅಂದು ಠಾಣೆಯಲ್ಲಿ ಬರೆದ ಗೌರವ್ವನ ಹೇಳಿಕೆಯಲ್ಲಿ, ‘ನೀಲವ್ವಳು ಮಣ್ಣು ಎರಚಿ ಹಲ್ಲೆ ಮಾಡಲಾಗಿ, ಈರಪ್ಪನು ಸಲಿಕೆಯಿಂದ ಹೊಡೆದನು’ ಎಂದಿತ್ತು. ಜಾಮೀನು ಅರ್ಜಿಯ ಕಾಲಕ್ಕೆ ಯಾರೋ ಮಾಡಿಸಿದ ಇಂಗ್ಲಿಷ್ ಪ್ರತಿಯಲ್ಲಿ ಅದು, ನೀಲವ್ವ ಅವನನ್ನು ಅಸಾಲ್ಟ್ ಮಾಡಿದಳು ಎಂದಾಗಿತ್ತು. ಆರೋಪಿಯ ಪರ ವಕೀಲರು ತಮ್ಮ ವಾದದ ಗೋಡೆಯನ್ನು ಅಲ್ಲಿಂದಲೇ ಎಬ್ಬಿಸಿದರು. ಮೊದಲು ಮೈಮೇಲೆ ಬಂದವಳು ನೀಲವ್ವ, ಕಣ್ಣಿಗೆ ಮಣ್ಣು ಬಿದ್ದು ಏನೂ ಕಾಣದೆ ಈರಪ್ಪ ಜೀವಭಯದಿಂದ ಸಲಿಕೆ ಬೀಸಿದ, ಆತ್ಮರಕ್ಷಣೆಯಲ್ಲಿ ಕೈ ಮೀರಿತು ಎಂಬುದು ಅವರ ಪ್ರತಿಪಾದನೆ. ಒಪ್ಪಿತವಾದರೆ ಅದು ಕೊಲೆಯಲ್ಲ, ಅದಕ್ಕಿಂತ ಕೆಳಗಿನ ಅಪರಾಧ. ಕೆಲವು ವರ್ಷಗಳ ಶಿಕ್ಷೆ. ಒಪ್ಪದಿದ್ದರೆ ಜೀವಾವಧಿ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರನ್ನು ಕೇಳಿದರೆ, ಆ ಏಟು ಎದುರು ನಿಂತವಳಿಗೂ ಬೀಳಬಹುದು, ಮುಖ ತಿರುವಿ ನಿಂತವಳಿಗೂ ಬೀಳಬಹುದು ಎಂದರು. ಆದ್ದರಿಂದ ಎಲ್ಲವೂ ಗೌರವ್ವನ ಸಾಕ್ಷಿಯ ಮೇಲೆ ನಿಂತಿತು. ಸೊಸೆಯ ಸಾವಿಗೆ ಸಾಕ್ಷಿ ಹೇಳಬೇಕಾದವಳು ಕೊಂದವನ ತಾಯಿ.

ಕಾಗದಗಳನ್ನು ಓದುವಾಗಲೇ ನನಗೆ ಒಂದು ಸಂದೇಹ ಬಂದಿತ್ತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗಳೊಬ್ಬಳು ಮಣ್ಣನ್ನು ಕೈಗೆತ್ತಿಕೊಳ್ಳುವ ರೀತಿ ಎರಡು. ಜಗಳದಲ್ಲಿ ಎದುರಾಳಿಯ ಮುಖಕ್ಕೆ ಎಸೆಯುವುದು ಒಂದು. ಇನ್ನೊಂದು ಹಿಡಿಮಣ್ಣು ತೂರುವುದು. ಯಾರ ಹತ್ತಿರವೂ ನ್ಯಾಯ ಸಿಗಲಿಲ್ಲ ಎಂದಾದಾಗ ನೆಲಕ್ಕೆ ಬಾಗಿ, ಒಂದು ಹಿಡಿ ಮಣ್ಣು ತೆಗೆದು, ದೇವಿ ಇರುವ ಕಡೆಗೆ ಮುಖ ಮಾಡಿ, ಗಾಳಿಗೆ ತೂರಿ, ‘ನನ್ನ ಹೊಟ್ಟಿ ಉರಿಸಿದವರ ಮನಿ ಹಿಂಗ ಮಣ್ಣಾಗಲಿ’ ಎಂದು ಶಾಪ ಹಾಕುವುದು. ಅದು ಮನುಷ್ಯನ ಜೊತೆಗಿನ ಜಗಳವಲ್ಲ, ದೇವರ ಮುಂದೆ ಸಲ್ಲಿಸಿದ ಫಿರ್ಯಾದು. ಶಾಪ ಹಾಕುವವಳು ವೈರಿಯ ಮುಖವನ್ನು ನೋಡುವುದಿಲ್ಲ. ನೀಲವ್ವ ಮಾಡಿದ್ದು ಈ ಎರಡರಲ್ಲಿ ಯಾವುದು ಎಂಬುದು ಕಾಗದದಿಂದ ತಿಳಿಯುವಂತಿರಲಿಲ್ಲ. ಊಹಿಸಿ ಬರೆಯುವ ಅಧಿಕಾರ ಭಾಷಾಂತರಕಾರನಿಗಿಲ್ಲ. ನಾನು ಸುಮ್ಮನಿದ್ದೆ.

ನ್ಯಾಯಾಧೀಶರು ಕರಾವಳಿಯ ಕಡೆಯವರು. ಸೌಮ್ಯ ಸ್ವಭಾವ, ಎಚ್ಚರದ ಕಿವಿ. ನಮ್ಮ ಕಡೆಯ ಮುದುಕಿಯರ ಮಾತು ತಮಗೆ ಪೂರ್ತಿ ಹಿಡಿಯುವುದಿಲ್ಲವೆಂದು ಅವರೇ ನನ್ನನ್ನು ಕರೆಸಿಕೊಂಡರು.

ಗೌರವ್ವ ಸಾಕ್ಷಿಕಟ್ಟೆ ಹತ್ತಿದಳು. ಹಸಿರು ಇಳಕಲ್ಲ ಸೀರೆ, ಹಣೆಗೆ ವಿಭೂತಿ. ಎದುರಿಗೆ ಆರೋಪಿಯ ಕಟಕಟೆಯಲ್ಲಿ ಈರಪ್ಪ. ಆಕೆ ಒಮ್ಮೆ ಮಗನನ್ನು ನೋಡಿದಳು, ಆಮೇಲೆ ಬಹಳ ಹೊತ್ತು ನೋಡಲಿಲ್ಲ. ಸರ್ಕಾರಿ ಅಭಿಯೋಜಕರು, ಅನುಭವಿ ಹೆಣ್ಣುಮಗಳು, ಅಂದು ಏನಾಯಿತೆಂದು ಕೇಳಿದರು.

“ಆಕಿ ನನ್ನ ಮಗನ ಮೈಮ್ಯಾಲ ಹೋದ್ಲರಿ. ಕಣ್ಣಾಗ ಮಣ್ಣ ಹಾಕಿದ್ಲು. ಇವಗ ಏನೂ ಕಾಣಲಿಲ್ಲ. ಅಂಜಿ ಸಲಿಕಿ ಬೀಸಿದಾ. ಹತ್ತಿಬಿಡ್ತು.”

ಒಂದೇ ಉಸಿರಿನಲ್ಲಿ, ಮನೆಯಲ್ಲಿ ಹಲವು ಸಲ ಹೇಳಿ ನೋಡಿಕೊಂಡು ಬಂದವರಂತೆ ಹೇಳಿದಳು. ಅಭಿಯೋಜಕರು ಮುದುಕಿ ತಮ್ಮ ಕೈ ತಪ್ಪಿ ಹೋದಳೆಂದು ತಿಳಿದು, ಆಕೆಯನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಅನುಮತಿ ಪಡೆದರು. ತಮ್ಮ ಕಡೆಯ ಸಾಕ್ಷಿಯೇ ತಿರುಗಿ ನಿಂತಾಗ ಅವರನ್ನು ಎದುರು ಪಕ್ಷದವರಂತೆ ಪ್ರಶ್ನಿಸುವ ಕ್ರಮ ಅದು. ಎಷ್ಟು ಕೇಳಿದರೂ ಗೌರವ್ವ ಅದನ್ನೇ ಹೇಳಿದಳು.

“ಸುಳ್ಳು ಹೇಳಾಕತ್ತೀರಿ ಅಜ್ಜಿ.”

“ಇರೋ ಒಬ್ಬ ಮಗನ ಆಣಿರಿ ಯವ್ವಾ,” ಎಂದು ಗೌರವ್ವ ಹೇಳಹೊರಟು, ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

ನ್ಯಾಯಾಧೀಶರು ಸ್ಟೆನೋಗೆ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಮೊದಲನೆಯ ವಾಕ್ಯದಲ್ಲಿಯೇ ‘ಅಟ್ಯಾಕ್’ ಎಂದು ಬಂತು. ನಾನು ಎದ್ದು ನಿಂತೆ.

“ಸರ್, ಕ್ಷಮಿಸಬೇಕು. ‘ಮೈಮೇಲೆ ಹೋದಳು’ ಎಂದರೆ ನಮ್ಮ ಕಡೆ ಹೊಡೆದಳು ಎಂದೇ ಆಗಬೇಕಿಲ್ಲ. ಜೋರಾಗಿ ಕೂಗುತ್ತ ಮುಂದೆ ಬಂದವರಿಗೂ ಹಾಗೆ ಅನ್ನುತ್ತಾರೆ. ‘ಅಟ್ಯಾಕ್’ ಎಂದು ಬರೆದರೆ ಸಾಕ್ಷಿ ಹೇಳದಿರುವುದನ್ನು ನಾನು ಸೇರಿಸಿದಂತಾಗುತ್ತದೆ. ಆಕೆಯ ಕೈ ಏನು ಮಾಡಿತು, ಕಾಲು ಎಲ್ಲಿತ್ತು ಎಂದು ಕೇಳಿದರೆ ಅಷ್ಟನ್ನೇ ಬರೆಯಬಹುದು.”

ಬಾಗಿಲ ಬಳಿ ನಿಂತಿದ್ದ ಅಟೆಂಡರ್ ಮೆಲ್ಲಗೆ, “ಆತು, ಪಂಡಿತ್ರು ಎದ್ರು. ಇನ್ನ ಊಟದ ಹೊತ್ತ ಮೀರಿದಂಗ,” ಎಂದದ್ದು ಎಲ್ಲರಿಗೂ ಕೇಳಿಸಿತು.

ಆರೋಪಿಯ ಪರ ವಕೀಲರು ನಕ್ಕರು. ದೊಡ್ಡ ಊರಿನವರು, ಮೂರು ತಲೆಮಾರಿನ ವಕೀಲಿಕೆಯ ಮನೆತನ, ಹೊಲದ ಒಡ್ಡಿನ ಮೇಲೆ ನಡೆದವರಲ್ಲ. “ಸರ್, ಪಂಡಿತ್ರಿಗೆ ಒಂದು ಕರೀ ಕೋಟ ಹೊಲಸಿ ಕೊಡೂಣ್ರಿ. ಅವರಿಗೆ ಕೈ-ಕಾಲು ಬೇಕಂತ. ಬೇಕಾದ್ರ ಕೊಟ್ಟಬಿಡೂಣು.” ಆಮೇಲೆ ತಮ್ಮ ಪಾಟೀಸವಾಲಿಗೆ ಎದ್ದು ಗೌರವ್ವನ ಕಡೆಗೆ ತಿರುಗಿದರು. ದನಿಯಲ್ಲಿ ಅಕ್ಕರೆ ತುಂಬಿಕೊಂಡಿತು.

“ಅಜ್ಜಿ, ನೀವು ಕಣ್ಣಾರೆ ಕಂಡೀರಿ. ನೀಲವ್ವ ಮಣ್ಣ ಹೆಂಗ ಒಗದ್ಲು, ಸಾಹೇಬ್ರಿಗೆ ಒಮ್ಮೆ ಮಾಡಿ ತೋರಸ್ರಿ. ಈರಪ್ಪ ಅಲ್ಲೆ ನಿಂತಾನ. ಇಲ್ಲೆ ಹೊಲ ಐತಿ ಅಂತ ತಿಳಕೋರಿ.”

ಸಾಕ್ಷಿಯ ಬಾಯಿಮಾತಿಗಿಂತ ಕಣ್ಣಿಗೆ ಕಂಡ ಅಭಿನಯ ನ್ಯಾಯಾಧೀಶರ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ವಕೀಲರ ಲೆಕ್ಕಾಚಾರ. ಮುದುಕಿ ಕೈ ಬೀಸಿ ತೋರಿಸಿದ್ದರೆ ಪ್ರಕರಣ ಅಲ್ಲಿಗೇ ಬೇರೆ ದಾರಿ ಹಿಡಿಯುತ್ತಿತ್ತು.

ಗೌರವ್ವ ಕಟ್ಟೆಯಲ್ಲಿಯೇ ನಿಧಾನವಾಗಿ ಬಾಗಿದಳು. ಬಲಗೈ ಹಲಗೆಯನ್ನು ಮುಟ್ಟಿ, ಏನನ್ನೋ ಬಾಚಿಕೊಂಡಂತೆ ಮುಷ್ಟಿಯಾಯಿತು. ಎದ್ದಳು. ಆದರೆ ಮಗನ ಕಡೆಗೆ ತಿರುಗಲಿಲ್ಲ. ಕಟಕಟೆಗೆ ಬೆನ್ನು ಮಾಡಿ ಕಿಟಕಿಯ ಕಡೆಗೆ ನಿಂತಳು. ಯಾರೂ ಹಾಗೆ ನಿಲ್ಲಲು ಹೇಳಿರಲಿಲ್ಲ. ತಾನು ಕಂಡದ್ದನ್ನು ಆ ಮೈ ತಾನಾಗಿಯೇ ಮಾಡತೊಡಗಿತ್ತು. ಮುಷ್ಟಿ ಎದೆಯ ಮಟ್ಟಕ್ಕೆ ಬಂತು, ಮೇಲಕ್ಕೆ ಏರಿತು.

“ಯವ್ವಾ, ಬ್ಯಾಡ!”

ಕೂಗಿದವನು ಈರಪ್ಪ. ಕಟಕಟೆಯ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದ. ಮುಖ ಬಿಳಿಚಿತ್ತು. ಪಕ್ಕದ ಪೊಲೀಸ್ ಪೇದೆ ಅವನ ತೋಳು ಹಿಡಿದ.

ಗೌರವ್ವನ ಕೈ ಗಾಳಿಯಲ್ಲಿಯೇ ನಿಂತಿತು. ಕೆಳಗಿಳಿಸಿದಳು. ಮುಷ್ಟಿ ಬಿಚ್ಚಿ, ಅದರಲ್ಲಿ ಏನೂ ಇಲ್ಲದಿದ್ದರೂ ಸೆರಗಿಗೆ ಉಜ್ಜಿ ಒರೆಸಿಕೊಂಡಳು.

ವಕೀಲರಿಗೆ ಇನ್ನೂ ತಿಳಿದಿರಲಿಲ್ಲ. “ಯಾಕ್ರಿ ಅಜ್ಜಿ? ಮಣ್ಣಿಲ್ಲ ಏನಿಲ್ಲ. ಬರೇ ಕೈ ತೋರಸ್ರಿ.”

“ಒಲ್ಲೆನ್ರಿ ಯಪ್ಪಾ. ಬರೇ ಕೈ ಆದ್ರೂ ತಾಯಿ ಕೈ ಐತಿ. ಮಗಾ ಅಲ್ಲೆ ನಿಂತಾನ. ಹತ್ತತೈತಿ.”

“ಏನು ಹತ್ತುತ್ತದೆ ಅಮ್ಮ?” ಎಂದು ಕೇಳಿದವರು ನ್ಯಾಯಾಧೀಶರು.

“ಶಾಪರಿ. ಒಮ್ಮೆ ಆಕಿ ತೂರಿದ್ದ ಸಾಕಾಗೇತಿ. ಮತ್ತ ನನ್ನ ಕೈಲೆ ತೂರಸಬ್ಯಾಡ್ರಿ.”

ವಕೀಲರ ಮುಖ ನಿಧಾನವಾಗಿ ಬದಲಾಯಿತು. ಮುಖಕ್ಕೆ ಮಣ್ಣು ಎಸೆದದ್ದೇ ನಿಜವಾಗಿದ್ದರೆ ತೋರಿಸಲು ಅಂಜಿಕೆ ಏಕೆ? ಮಗನಾದರೂ ಹಾಗೆ ಏಕೆ ಕೂಗಬೇಕು?

“ಸರ್, ಸಾಕ್ಷಿ ವಯಸ್ಸಾದವರು, ದಣಿದಾರ. ನನ್ನ ಪ್ರಶ್ನೆ ಮುಗದ್ವು,” ಎಂದು ಅವರು ಕುಳಿತರು.

“ನನ್ನದು ಮುಗಿದಿಲ್ಲ,” ಎಂದರು ನ್ಯಾಯಾಧೀಶರು. ಸತ್ಯ ತಿಳಿಯುವುದಕ್ಕಾಗಿ ಯಾವ ಸಾಕ್ಷಿಯನ್ನಾದರೂ ಸ್ವತಃ ಪ್ರಶ್ನಿಸುವ ಅಧಿಕಾರ ಕಾನೂನು ಅವರಿಗೆ ಕೊಟ್ಟಿದೆ. ದನಿ ಏರಿಸದೆ, ಮನೆಯ ಹಿರಿಯಳನ್ನು ಕೇಳುವಂತೆ ಕೇಳಿದರು. “ಅಮ್ಮ, ನೀಲವ್ವ ಮಣ್ಣು ತೂರುವಾಗ ಯಾವ ಕಡೆ ಮುಖ ಮಾಡಿದ್ದಳು?”

“ಗುಡ್ಡದ ಕಡಿಗ್ರಿ. ಎಲ್ಲವ್ವ ತಾಯಿ ಕಡಿಗೆ ಮಾರಿ ಮಾಡಿ ತೂರಿದ್ಲು.”

“ನಿಮ್ಮ ಮಗ ಎಲ್ಲಿದ್ದ?”

ಗೌರವ್ವ ಆಗ ಎರಡನೆಯ ಸಲ ಮಗನನ್ನು ನೋಡಿದಳು. ಸುಳ್ಳು ಹೇಳಲು ಆಕೆಗೆ ಇನ್ನೂ ಅವಕಾಶವಿತ್ತು. ಆದರೆ ಶಾಪದ ಹೆಸರೆತ್ತಿದ ಬಾಯಿಯಲ್ಲಿ ಅದೇ ಗಳಿಗೆಗೆ ಸುಳ್ಳು ನುಡಿಯಲು, ಅದೂ ದೇವಿಯನ್ನು ನೆನೆದ ಮೇಲೆ ನುಡಿಯಲು, ಆಕೆಗೆ ಧೈರ್ಯ ಸಾಲಲಿಲ್ಲ ಎಂದು ನನ್ನ ಭಾವನೆ.

“ಹಿಂದಿದ್ದಾರಿ. ಒಡ್ಡಿನ ಮ್ಯಾಲ.”

“ಆಮೇಲೆ?”

“ಇಳದ ಬಂದಾ.”

“ನೀಲವ್ವ ಅವನ ಕಡೆ ತಿರುಗಿದಳೇ?”

“ಇಲ್ಲರಿ. ತಾಯೀನ ನೋಡಕೋತ ನಿಂತಿದ್ಲು.”

“ಯವ್ವಾ, ಸುಮ್ನಿರ!” ಎಂದ ಈರಪ್ಪ. ಈ ಸಲ ದನಿಯಲ್ಲಿ ಬಲವಿರಲಿಲ್ಲ.

ನಾನು ಇಂಗ್ಲಿಷಿಗೆ ತಂದುಕೊಟ್ಟೆ. ಅವನು ಇಳಿದನು, ಬಂದನು. ಅವಳು ತಿರುಗಲಿಲ್ಲ, ನಿಂತಿದ್ದಳು. ಶಾಲೆಯ ಮೊದಲ ಪಾಠದಲ್ಲಿ ಬರುವಂಥ ಸರಳ ಕ್ರಿಯಾಪದಗಳು. ಅಟ್ಯಾಕ್ ಇಲ್ಲ, ಅಸಾಲ್ಟ್ ಇಲ್ಲ, ಯಾರ ಕೃತ್ಯಕ್ಕೂ ಹೆಸರಿಡುವ ಒಂದು ಪದವೂ ಇಲ್ಲ. ಸ್ಟೆನೋ ನನ್ನ ಮುಖ ನೋಡಿ, “ಸರ್, ಆರೋಪಿ ಒದರಿದ್ದೂ ಹಾಕಬೇಕ್ರಿ?” ಎಂದು ಕೇಳಿದಳು. ನ್ಯಾಯಾಧೀಶರು, “ಹಾಕಮ್ಮ, ಎರಡು ಸಲದ್ದೂ,” ಎಂದರು. ಸಾಕ್ಷಿಯ ನಡವಳಿಕೆಯಲ್ಲಿ ಗಮನಕ್ಕೆ ಬಂದದ್ದನ್ನು ದಾಖಲಿಸುವ ಕ್ರಮವಿದೆ. ಗೌರವ್ವ ಬಾಗಿದ್ದು, ಕಿಟಕಿಗೆ ಮುಖ ಮಾಡಿದ್ದು, ಕೈ ತಡೆದದ್ದು, ಸೆರಗಿಗೆ ಒರೆಸಿಕೊಂಡದ್ದು ಎಲ್ಲವನ್ನೂ ಅವರು ಹೇಳಿ ಬರೆಸಿದರು. ಅಲ್ಲಿಯೂ ಒಂದೂ ವಿಶೇಷಣವನ್ನು ಬಳಸಲಿಲ್ಲ.

ಹೇಳಿಕೆಗೆ ಹೆಬ್ಬೆಟ್ಟು ಒತ್ತುವಾಗ ಗೌರವ್ವ ಅಟೆಂಡರನನ್ನು, “ಮುಗೀತೇನಪಾ? ಮಗನ್ನ ಬಿಡ್ತಾರೇನು?” ಎಂದು ಕೇಳಿದಳು. ಊಟದ ಹೊತ್ತಿನ ಹಾಸ್ಯ ಮಾಡಿದ್ದ ಆ ಮನುಷ್ಯ ಆಕೆಯ ಬೆರಳಿನ ಮಸಿಯನ್ನು ತಾನೇ ಚಿಂದಿಯಿಂದ ಒರೆಸಿದ.

ತೀರ್ಪಿನ ದಿನ ನ್ಯಾಯಾಧೀಶರು ತಮ್ಮ ಕಾರಣಗಳನ್ನು ವಿವರಿಸಿದರು. ಶಾಪವನ್ನು ನಂಬುವುದು ಬಿಡುವುದು ನ್ಯಾಯಾಲಯದ ವಿಷಯವಲ್ಲ. ಆದರೆ ಬೆನ್ನು ತಿರುಗಿಸಿ ದೇವರಿಗೆ ಮೊರೆಯಿಡುತ್ತಿರುವ ಹೆಂಗಸಿನಿಂದ ಈಗಲೇ ಏಟು ಬೀಳುತ್ತದೆ ಎಂಬ ಭಯ ಹುಟ್ಟಲಾರದು. ಆಕೆಯ ಸನ್ನೆ ಅಸಾಲ್ಟ್ ಅಲ್ಲ. ಒಡ್ಡಿನಿಂದ ಇಳಿದು ಬಂದವನಿಗೆ ಆತ್ಮರಕ್ಷಣೆಯ ಮಾತು ಸಲ್ಲದು. ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿ ಹೋಯಿತೆಂದು ಕೇಳಿದ್ದೇನೆ. ಅದರ ಅನುವಾದ ನನ್ನ ಕೈಗೆ ಬರುವ ಮೊದಲೇ ನಾನು ನಿವೃತ್ತನಾದೆ.

ತೀರ್ಪಿನ ಆ ದಿನ ಈರಪ್ಪನನ್ನು ಪೊಲೀಸ್ ವ್ಯಾನಿಗೆ ಹತ್ತಿಸಿದ ಮೇಲೆ ನಾನು ಹೊರಗಿನ ಮೆಟ್ಟಿಲು ಇಳಿಯುತ್ತಿದ್ದೆ. ಗೌರವ್ವ ಒಬ್ಬಳೇ ಅಂಗಳದ ಕಟ್ಟೆಗೆ ಒರಗಿ ಕುಳಿತಿದ್ದಳು. ನನ್ನ ಹಣೆಯ ವಿಭೂತಿ ನೋಡಿ ಕೈಮುಗಿದಳು. ನಾನೂ ಮುಗಿದೆ.

“ಅಪ್ಪಾರ, ಅವತ್ತ ನೀವ ಅಲ್ಲೇನ್ರಿ ಇಂಗ್ಲೀಷಿನ್ಯಾಗ ಹೇಳಿದವರು? ನಾ ಅಂದದ್ದ ಏನಂತ ಹೇಳಿದ್ರಿ?”

“ನೀವು ಅಂದದ್ದನ್ನೇ ಹೇಳಿದೆ ತಾಯಿ. ಹೆಚ್ಚು ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.”

“ಹಂಗಾರ ನನ್ನ ಮಾತಲೇನ ಒಳಗ ಹೋದ್ನ ಅಂವಾ?”

ಅಲ್ಲ ಎಂದು ಸಮಾಧಾನ ಹೇಳಬಹುದಿತ್ತು. ಬದುಕಿಡೀ ಇದ್ದದ್ದನ್ನು ಇದ್ದಂತೆ ಹೇಳುವ ಕೆಲಸ ಮಾಡಿದ ನಾಲಿಗೆ ಅಷ್ಟಕ್ಕೂ ಏಳಲಿಲ್ಲ. ಆಕೆಯೂ ಉತ್ತರಕ್ಕೆ ಕಾಯಲಿಲ್ಲ. ಇನ್ನೊಂದನ್ನು ಕೇಳಬೇಕಾಗಿತ್ತು, ಅದನ್ನು ಕೇಳಲು ದನಿ ತಗ್ಗಿಸಿದಳು.

“ನಾ ತೂರಲಿಲ್ಲಲ್ಲರಿ? ನೀವು ನೋಡೀರಿ. ಕೈ ಎತ್ತಿದ್ದೆ. ತೂರಲಿಲ್ಲಲ್ಲ?”

“ಇಲ್ಲ ತಾಯಿ. ತೂರಲಿಲ್ಲ.”

“ಅಷ್ಟ ಸಾಕ್ರಿ,” ಎಂದು ಆಕೆ ಎದ್ದು, ಸೆರಗು ಸರಿಮಾಡಿಕೊಂಡು, ಬಸ್ ನಿಲ್ದಾಣದ ಕಡೆಗೆ ನಡೆದಳು.

ಈಗ ಕೆಲವೊಮ್ಮೆ ಹೊಸದಾಗಿ ಸೇರಿದ ಭಾಷಾಂತರಕಾರರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹಲ್ಲೆಗೆ ಅಸಾಲ್ಟ್ ಸರಿಯೋ ಅಟ್ಯಾಕ್ ಸರಿಯೋ ಎಂದು ಕೇಳುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟೇ. ಆ ಪದ ಕಂಡಲ್ಲಿ ನಿಲ್ಲಿರಿ. ಅದು ನಡೆದದ್ದಲ್ಲ, ನಡೆದದ್ದರ ಮೇಲೆ ಯಾರೋ ಆಗಲೇ ಕೊಟ್ಟ ತೀರ್ಪು. ಕೈ ಎಲ್ಲಿತ್ತು, ಮುಖ ಎತ್ತ ಇತ್ತು, ಯಾರು ಯಾರ ಕಡೆಗೆ ನಡೆದರು ಎಂಬುದು ದೊರೆಯುವ ತನಕ ಲೇಖನಿ ಎತ್ತಬೇಡಿ. ಹಾಗೆ ಹುಡುಕಿದಾಗ ಸಿಗುವ ಸತ್ಯ ಒಬ್ಬ ತಾಯಿಯ ಮಡಿಲನ್ನು ಬರಿದು ಮಾಡಬಹುದು. ಸರ್ಕಾರಿ ಅಭಿಯೋಜಕರನ್ನು ಬಿಟ್ಟರೆ ನೀಲವ್ವನ ಪರವಾಗಿ ಆ ಕೋಣೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಹುಡುಕದೆ ಬಿಟ್ಟಿದ್ದರೆ, ಸತ್ತವಳ ಮೇಲೆಯೇ ಹಲ್ಲೆಯ ಅಪವಾದ ಶಾಶ್ವತವಾಗಿ ನಿಲ್ಲುತ್ತಿತ್ತು. ಪ್ರತಿದಿನ ಪೂಜೆಯ ಕೊನೆಯಲ್ಲಿ ಇಬ್ಬರೂ ಹೆಣ್ಣುಮಕ್ಕಳ ಹೆಸರನ್ನು ಒಟ್ಟಿಗೆ ನೆನೆಯುತ್ತೇನೆ. ಯಾರಿಗಾಗಿ ಏನು ಬೇಡಬೇಕೆಂದು ಮಾತ್ರ ಇನ್ನೂ ತಿಳಿದಿಲ್ಲ.